ಷಡ್ಡಕನ ಸೊನ್ನೆ

ಚನ್ನಬಸವಯ್ಯನವರಿಗೆ ತಮ್ಮ ಷಡ್ಡಕನ ಮೇಲೆ ಹೊಟ್ಟೆಕಿಚ್ಚಿತ್ತು. ಈ ಗುಟ್ಟನ್ನು ಕೊನೆಯವರೆಗೆ ಬಚ್ಚಿಟ್ಟು ಓದುಗರನ್ನು ಬೆಚ್ಚಿಬೀಳಿಸುವ ಆಸೆ ನಮಗಿಲ್ಲ, ಏಕೆಂದರೆ ಅದು ಗುಟ್ಟೇ ಆಗಿರಲಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹಿಡಿದು ಮಾಗಡಿಯ ಮಾವನ ಮನೆಯವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನೆಂದರೆ ಷಡ್ಡಕ ಶಿವಕಿರಣ್ ಒಬ್ಬನೇ. ಎದುರಿಗೆ ಸಿಕ್ಕಾಗಲೆಲ್ಲ ಅವನು ಹಲ್ಲು ಬಿಟ್ಟು, "ಅಣ್ಣಾ, ಚೆನ್ನಾಗಿದೀರಾ? ಕಾಫಿ ಆಯ್ತಾ?" ಎಂದು ಕೇಳುತ್ತಿದ್ದ. ಹೊಟ್ಟೆಕಿಚ್ಚು ಪಡುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಸಂಬಂಧವನ್ನು ಮೊದಲೇ ಬಿಡಿಸಿ ಹೇಳಿಬಿಡುವುದು ಒಳ್ಳೆಯದು. ಮಾಗಡಿಯ ಕಿರಾಣಿ ಅಂಗಡಿ ಗುರುಸಿದ್ದಪ್ಪನವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೀನಾಕ್ಷಮ್ಮ ಚನ್ನಬಸವಯ್ಯನವರ ಹೆಂಡತಿ. ಚಿಕ್ಕವಳು ಹೇಮಶ್ರೀ ಶಿವಕಿರಣನ ಹೆಂಡತಿ. ಅಳಿಯಂದಿರಿಬ್ಬರೂ ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿದ್ದ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ಮೇಲ್ವಿಚಾರಕರು. ವಿದ್ಯಾರ್ಥಿಗಳು ಕಣ್ಣಾರೆ ನೋಡಿ ಕಲಿಯಲೆಂದು ಅಲ್ಲಿ ಎರಡು ಘಟಕಗಳಿದ್ದವು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ರೇಷ್ಮೆ ನೂಲು ತೆಗೆಯುವ ಘಟಕ ಚನ್ನಬಸವಯ್ಯನವರದು. ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಘಟಕ ಶಿವಕಿರಣನದು. ನಡುವೆ ಒಂದು ಹೊಂಗೆ ಮರ. ಚನ್ನಬಸವಯ್ಯನವರಿಗೆ ಇಪ್ಪತ್ತೆರಡು ವರ್ಷದ ಸರ್ವಿಸು, ಶಿವಕಿರಣನಿಗೆ ಆರು.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತಿದ್ದ ಕಾಲ ಅದು. ವಿಶ್ವವಿದ್ಯಾಲಯದ ಹೊಸ ಕುಲಸಚಿವರು ಅಂಥದೊಂದು ಕಾರ್ಖಾನೆಗೆ ಅತಿಥಿಯಾಗಿ ಹೋಗಿದ್ದರು. ಅಲ್ಲಿನ ಯಂತ್ರ, ಊಟ ಯಾವುದೂ ಅವರ ಮನಸ್ಸಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಗೇಟಿನ ಪಕ್ಕದ ಒಂದು ಕರಿ ಹಲಗೆ. ಮೇಲೆ 'ಅಪಘಾತವಿಲ್ಲದ ದಿನಗಳು' ಎಂದು ಬರೆದು ಕೆಳಗೆ ಒಂದು ಸಂಖ್ಯೆ ಹಾಕಿದ್ದರು. ಹದಿನೈದು ದಿನದೊಳಗೆ ವಿಶ್ವವಿದ್ಯಾಲಯದ ಪ್ರತಿ ಘಟಕಕ್ಕೂ ಅಂಥದೇ ಹಲಗೆ ಬಂತು, ಜೊತೆಗೆ ಒಂದು ಸುತ್ತೋಲೆ. ಘಟಕದೊಳಗೆ ಯಾರಿಗೇ ಪೆಟ್ಟಾಗಲಿ, ಅವರು ಒಳಗಿನವರಿರಲಿ ಹೊರಗಿನವರಿರಲಿ, ಆ ಘಟಕದ ಮೇಲ್ವಿಚಾರಕರೇ ಹೊಣೆಗಾರರು. ಪೆಟ್ಟಾದ ದಿನ ಹಲಗೆಯ ಸಂಖ್ಯೆಯನ್ನು ಸೊನ್ನೆಗೆ ಇಳಿಸತಕ್ಕದ್ದು. ಸಂಸ್ಥಾಪನಾ ದಿನದಂದು ನೂರು ದಿನ ದಾಟಿದ ಮೇಲ್ವಿಚಾರಕರಿಗೆ ಕುಲಪತಿಗಳು ಸ್ವತಃ ಶಾಲು ಹೊದಿಸತಕ್ಕದ್ದು.

ಮೊದಲ ವರ್ಷದ ಶಾಲು ಶಿವಕಿರಣನಿಗೆ ಬಂತು.

ಬಂದರೆ ಬರಲಿ ಎನ್ನಬಹುದಿತ್ತು. ಆದರೆ ಆ ಶಾಲಿನ ಫೋಟೋ ಮಾಗಡಿಯ ಮಾವನ ಮನೆಯ ನಡುಮನೆಗೆ ಬಂತು. ಅದೂ ಗೋಡೆಯ ಮೇಲೆ ಶಿವನ ಪಟದ ಪಕ್ಕಕ್ಕೆ, ಚನ್ನಬಸವಯ್ಯನವರ ಮದುವೆಯ ಫೋಟೋ ಇದ್ದ ಜಾಗಕ್ಕೇ ಬಂತು. ಮದುವೆಯ ಫೋಟೋ ಅಡಿಗೆಮನೆಯ ಬಾಗಿಲ ಮೇಲಕ್ಕೆ ಹೋಯಿತು. ಹಬ್ಬದ ದಿನ ಗುರುಸಿದ್ದಪ್ಪನವರು ಕೈಯಿರುವ ಒಂದೇ ಕುರ್ಚಿಯನ್ನು ಕಿರಿಯ ಅಳಿಯನ ಕಡೆ ತಳ್ಳಿ, ಹಿರಿಯ ಅಳಿಯನಿಗೆ, "ನೀವು ಮನೆಯೋರು, ಮಂಚದ ಮೇಲೆ ಕೂತ್ಕಳಿ" ಎಂದರು.

"ರೀ, ಶಿವಕಿರಣ್ ಅವ್ರ ಹತ್ರ ತಿರುಗೋ ಮಿಶಿನ್ ಐತೆ, ಉಳಿ ಐತೆ, ಬಾಚಿ ಐತೆ. ಆದ್ರೂ ಒಬ್ರಿಗೂ ಒಂದು ಗಾಯ ಇಲ್ವಂತೆ. ನಿಮ್ಮತ್ರ ಬಿಸಿನೀರು ಬಿಟ್ರೆ ಏನೈತೆ?" ಎಂದು ಮೀನಾಕ್ಷಮ್ಮ ಬಸ್ಸಿನಲ್ಲಿ ಕೇಳಿದರು. ಕಿಟಕಿಯ ಪಕ್ಕದವನು ಕೂಡ ತಿರುಗಿ ಉತ್ತರಕ್ಕಾಗಿ ಕಾದ. ಚನ್ನಬಸವಯ್ಯನವರು ರಾಮನಗರದವರೆಗೂ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು.

ಎರಡನೆಯ ವರ್ಷದ ಜುಲೈ ತಿಂಗಳಿಗೆ ಶಿವಕಿರಣನ ಹಲಗೆ ನಾನೂರ ಮೂವತ್ತು ದಾಟಿತ್ತು. ಚನ್ನಬಸವಯ್ಯನವರ ಹಲಗೆ ಅಷ್ಟು ದಿನದಲ್ಲಿ ಮುಟ್ಟಿದ್ದ ಅತಿ ದೊಡ್ಡ ಸಂಖ್ಯೆ ಹನ್ನೊಂದು. ಜವಾನ ದಾಸಪ್ಪ ದಿನಾ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಎರಡೂ ಹಲಗೆ ತಿದ್ದುತ್ತಿದ್ದ. ಅವನು ಆ ಕಡೆ ಹೋಗುವಾಗ ಚನ್ನಬಸವಯ್ಯನವರು ಕಿಟಕಿಯಲ್ಲಿ ನಿಂತು, ಇವತ್ತಾದರೂ ಒಂದು ಉಳಿ ಜಾರಲಿ, ಯಾರ ಪ್ರಾಣಕ್ಕೂ ಅಪಾಯ ಬೇಡ, ಒಂದು ಕಿರುಬೆರಳು ಸಾಕು ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದರು. ಕೇಂದ್ರ ನೋಡಲು ಯಾರಾದರೂ ಬಂದರೆ, ಅದರಲ್ಲೂ ವಯಸ್ಸಾದವರು ಬಂದರೆ, "ಮೊದ್ಲು ಬೊಂಬೆ ನೋಡ್ಕೊಂಡು ಬನ್ನಿ" ಎಂದು ಆ ಕಡೆಗೇ ಕಳಿಸುತ್ತಿದ್ದರು. ಅವರೆಲ್ಲ ಕೈಯಲ್ಲೊಂದು ಬುಗುರಿ ಹಿಡಿದು ನಗುನಗುತ್ತ ವಾಪಸು ಬರುತ್ತಿದ್ದರು. ಬಂದವರು ಇವರ ಘಟಕದಲ್ಲಿ ಜಾರುತ್ತಿದ್ದರು.

ಜಾರುತ್ತಿದ್ದುದು ಗೂಡು ಬೇಯಿಸುವ ಮೂರನೇ ಬೇಸಿನ್ನಿನ ಪಕ್ಕದಲ್ಲಿ. ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳು, ರೇಷ್ಮೆಯ ಚಿಂದಿ ಎಲ್ಲ ಸೇರಿ ಅಲ್ಲಿನ ಮೋರಿ ಕಟ್ಟಿಕೊಂಡಿತ್ತು. ಬಿಸಿನೀರು ಹೋಗಲು ದಾರಿ ಕಾಣದೆ ನೆಲದ ಮೇಲೆಯೇ ಓಡಾಡಿಕೊಂಡಿರುತ್ತಿತ್ತು. ಆ ಬೇಸಿನ್ನಿನಲ್ಲಿ ಕೂರುವ ಮುನಿಯಮ್ಮ ವಿರೂಪಾಕ್ಷಿಪುರದ ಕಡೆಯವಳು, ಹದಿನಾರು ವರ್ಷದಿಂದ ನೂಲು ತೆಗೆದ ಕೈ.

"ಸಾ, ಮೋರಿ ಕಟ್ಕೊಂಡೈತೆ. ಒಸಿ ಬುಡುಸ್ಕೊಡಿ. ಮೊನ್ನೆ ಯಲ್ಲಮ್ಮ ಬಿದ್ಲು, ನಿನ್ನೆ ಪಾಠ ಕಲಿಯಕ್ ಬಂದ ಐಕ್ಳು ಬಿದ್ವು, ಪುಣ್ಯಕ್ಕೆ ಪೆಟ್ಟಾಗ್ಲಿಲ್ಲ. ಇವತ್ತು ನಾನು ಬಿದ್ದೆ. ನೋಡಿ, ಕಾಲ ಮೇಲೆ ಬಿಸ್ನೀರು ಉಯ್ಕಂಡು ಬೊಬ್ಬೆ ಬಂದೈತೆ" ಎಂದು ಮುನಿಯಮ್ಮ ಕಾಲು ತೋರಿಸಿದಳು.

ಚನ್ನಬಸವಯ್ಯನವರು ಕಾಲು ನೋಡಲಿಲ್ಲ. "ಅಯ್ಯೋ, ಒಂಬತ್ತಕ್ಕೆ ಬಂದಿತ್ತಲ್ಲಮ್ಮ!" ಎಂದು ಹಣೆ ಚಚ್ಚಿಕೊಂಡರು. ಮುನಿಯಮ್ಮ ಗಡಿಯಾರ ನೋಡಿದಳು, ಹನ್ನೊಂದಾಗಿತ್ತು. ಆಮೇಲೆ ಅವಳಿಗೆ ಇವರು ಹಲಗೆಯ ವಿಷಯ ಹೇಳುತ್ತಿದ್ದಾರೆಂದು ಗೊತ್ತಾಯಿತು.

ಅಂದು ಮಧ್ಯಾಹ್ನ ಊಟ ಬಿಟ್ಟು ಚನ್ನಬಸವಯ್ಯನವರು ಸುತ್ತೋಲೆಯನ್ನು ಅಕ್ಷರ ಅಕ್ಷರ ಓದಿದರು. ನಾಲ್ಕನೇ ಖಂಡದ ಕೊನೆಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. 'ಸಿಡಿಲು, ಭೂಕಂಪ ಮುಂತಾದ ದೈವಾಧೀನ ಘಟನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ.' ಅವರು 'ಮುಂತಾದ' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದರು. ಸಿಡಿಲು ಕಳಿಸುವವನು ಯಾರೋ, ಶನಿಯನ್ನು ಕಳಿಸುವವನೂ ಅವನೇ ತಾನೇ? ಅರ್ಧ ಗಂಟೆಯಲ್ಲಿ ಅಪಘಾತದ ರಿಜಿಸ್ಟರಿನ ಪ್ರತಿ ಪುಟದ ಬಲತುದಿಯಲ್ಲಿ ಹೊಸ ಕಾಲಂ ಎದ್ದಿತು. ಅದರ ತಲೆಬರಹ 'ಗ್ರಹಚಾರ'. ಮೊದಲ ನಮೂದು: ಮುನಿಯಮ್ಮ, ಎಡಗಾಲು, ಮೂರನೇ ಬೇಸಿನ್ ಪಕ್ಕ, ಕಾರಣ ಗ್ರಹಚಾರ. ಹಲಗೆಯ ಮೇಲಿನ ಒಂಬತ್ತು ಮರುದಿನ ಹತ್ತಾಯಿತು. ಹೀಗೆ ಮೇಲ್ವಿಚಾರಕರ ತಲೆಯ ಮೇಲಿದ್ದ ಹೊಣೆ ನವಗ್ರಹಗಳ ತಲೆಗೆ ವರ್ಗವಾಯಿತು. ಅವುಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

"ಸಾ, ಕಾಲು ನೋಯ್ತೈತೆ. ಎರಡ್ ದಿನ ಪೆಟ್ಟಿನ ರಜ ಕೊಡಿ" ಎಂದು ಮುನಿಯಮ್ಮ ಕೇಳಿದಳು.

"ಪೆಟ್ಟಿನ ರಜೆ ಅಪಘಾತಕ್ಕಮ್ಮ. ನಿಂದು ಗ್ರಹಚಾರ. ಗ್ರಹಚಾರಕ್ಕೆ ರಜೆ ಇಲ್ಲ."

ಮುನಿಯಮ್ಮ ಕಾಲಿಗೆ ಚಿಂದಿ ಸುತ್ತಿಕೊಂಡು ಬೇಸಿನ್ನಿನ ಮುಂದೆ ಕೂತಳು. ಇಡೀ ದಿನ ನೂಲು ತೆಗೆಯುತ್ತ ಯೋಚಿಸಿದಳು. ಸಂಜೆ ಕೈ ತೊಳೆದುಕೊಂಡು ಮತ್ತೆ ಬಂದಳು.

"ಅಲ್ಲಾ ಸಾ, ಪೆಟ್ಟಾದ್ಮೇಲೆ ರಜ ಇಲ್ಲ ಅಂತೀರ. ಹಂಗಾದ್ರೆ ಆಗಕ್ ಮುಂಚೆನೇ ಕೊಟ್ಬುಡಿ. ನಂದು ಸಿಂಹ ರಾಸಿ, ಸನಿ ಕೂತವ್ನೆ. ನಾಳೆ ಬಂದ್ರೆ ನಾಳೇನೂ ಬೀಳ್ತೀನಿ. ಆಮೇಲೆ ನನ್ ಕೇಳ್ಬ್ಯಾಡಿ."

ಚನ್ನಬಸವಯ್ಯನವರು ಎದ್ದು ನಿಂತರು. ಮನೆಯಲ್ಲಿರುವವಳು ಘಟಕದಲ್ಲಿ ಜಾರಿ ಬೀಳುವುದು ಹೇಗೆ? ಇಷ್ಟು ಸರಳವಾದ ಮಾತು ಇಪ್ಪತ್ತೆರಡು ವರ್ಷ ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ಮರುಕವಾಯಿತು. ಮರುದಿನ ಘಟಕದ ಗೋಡೆಗೆ ಪಂಚಾಂಗ ಬಂತು. ಶನಿ ಆಗತಾನೆ ಸಿಂಹಕ್ಕೆ ಬಂದಿದ್ದ. ಹಾಗಾಗಿ ಸಾಡೇಸಾತಿಯಲ್ಲಿರುವ ಕರ್ಕಾಟಕ, ಸಿಂಹ, ಕನ್ಯಾ ರಾಶಿಯವರು ಪಾಳಿಯ ಮೇಲೆ ಸಂಬಳ ಸಹಿತ ಮನೆಯಲ್ಲಿರತಕ್ಕದ್ದು ಎಂದು ಆದೇಶವಾಯಿತು. ಸೋಜಿಗವೆಂದರೆ, ಹದಿನಾಲ್ಕು ಹೆಂಗಸರಲ್ಲಿ ಹನ್ನೊಂದು ಜನ ಆ ಮೂರೇ ರಾಶಿಯವರಾಗಿಬಿಟ್ಟರು. ಉಳಿದ ಮೂವರಲ್ಲಿ ಖತೀಜಾ ನೇರವಾಗಿ ಬಂದು ಎದುರು ನಿಂತಳು.

"ಸಾಬ್, ನಮ್ಗೆ ಶನಿ ಇಲ್ವಾ?"

"ನಿಮ್ಮಲ್ಲಿ ಅದೆಲ್ಲ ನೋಡಲ್ವಲ್ಲಮ್ಮ."

"ನಾವು ನೋಡಲ್ಲ ಸಾಬ್. ಅವ್ನು ನಮ್ಮನ್ ನೋಡ್ತಾನಲ್ಲ? ನಾನೂ ಅದೇ ಮೋರಿ ಮುಂದೆ ಮೂರು ಸಲ ಬಿದ್ದಿದೀನಿ."

ಖತೀಜಾಳಿಗೂ ಕನ್ಯಾ ರಾಶಿ ಮಂಜೂರಾಯಿತು. ಅಂದಿನಿಂದ ಘಟಕದಲ್ಲಿ ಮೂರೋ ನಾಲ್ಕೋ ಬೇಸಿನ್ ಮಾತ್ರ ಕುದಿಯುತ್ತಿದ್ದವು. ನೂಲು ತೆಗೆಯುವುದನ್ನು ಕಲಿಯಲು ಬಂದ ವಿದ್ಯಾರ್ಥಿಗಳು ಪಂಚಾಂಗ ಓದುವುದನ್ನು ಕಲಿತರು. ಬಂದ ಮೂರು ನಾಲ್ಕು ಜನರಲ್ಲೂ ಆಗಾಗ ಒಬ್ಬರು ಜಾರುತ್ತಿದ್ದರು, ಅದು ಹೇಗೂ ಗ್ರಹಚಾರದ ಕಾಲಮ್ಮಿಗೆ ಹೋಗುತ್ತಿತ್ತು. ಮೋರಿ ಮಾತ್ರ ಯಾರ ಗೊಡವೆಗೂ ಹೋಗದೆ ಕಟ್ಟಿಕೊಂಡೇ ಇತ್ತು. ಹಲಗೆ ನಲವತ್ತಾಯಿತು, ಅರವತ್ತಾಯಿತು, ಎಂಬತ್ತಾಯಿತು.

ಎಂಬತ್ತಾದ ದಿನ ಚನ್ನಬಸವಯ್ಯನವರಿಗೆ ಹೊಸ ಭಯ ಹುಟ್ಟಿತು. ತಾವು ಒಂದೂವರೆ ವರ್ಷ ಷಡ್ಡಕನ ಹಲಗೆಯ ಮೇಲೆ ಕಣ್ಣು ಹಾಕಿದ ಹಾಗೆ, ಈಗ ತಮ್ಮ ಹಲಗೆಯ ಮೇಲೆ ಅವನ ಕಣ್ಣು ಬಿದ್ದರೆ? ಬರುವ ಅಮಾವಾಸ್ಯೆಗೆ ಒಳ್ಳೆಯ ಬೂದುಗುಂಬಳ ತರಿಸಿ, ಅದಕ್ಕೆ ಕಣ್ಣು ಮೀಸೆ ಬರೆಸಿ, ದಾಸಪ್ಪನನ್ನು ಏಣಿ ಹತ್ತಿಸಿ ಘಟಕದ ಬಾಗಿಲಿಗೆ ಒಳಗಡೆಯಿಂದ ಕಟ್ಟಿಸಿದರು.

"ಸಾ, ಈ ಹಗ್ಗ ಒಸಿ ಹಳೇದು. ಹೊಸಾದು ತರ್ಸಿ" ಎಂದ ದಾಸಪ್ಪ ಏಣಿಯ ಮೇಲಿಂದ.

"ಗಟ್ಟಿ ಐತೆ, ಕಟ್ಟಲೇ. ದೃಷ್ಟಿ ಹಗ್ಗ ನೋಡ್ಕಂಡು ಬತ್ತದಾ?" ಎಂದರು ಚನ್ನಬಸವಯ್ಯ.

ಮೀನಾಕ್ಷಮ್ಮ ಶಾಲಿಗೆ ಹೊಂದುವ ಪಂಚೆಯನ್ನು ಇಸ್ತ್ರಿಗೆ ಕೊಟ್ಟರು. ಮಾಗಡಿಗೆ ಫೋನು ಮಾಡಿ, ನಡುಮನೆಯ ಗೋಡೆಗೆ ಇನ್ನೊಂದು ಮೊಳೆ ಹೊಡೆಸಿಡಲು ಅಪ್ಪನಿಗೆ ಹೇಳಿದರು. ಹಲಗೆ ತೊಂಬತ್ತೆಂಟಕ್ಕೆ ಬಂತು. ಸಂಸ್ಥಾಪನಾ ದಿನಕ್ಕೆ ಮೂರು ದಿನ ಉಳಿದಿತ್ತು. ಅಂದು ಬೆಳಿಗ್ಗೆ ರಿಜಿಸ್ಟರ್ ತಪಾಸಣೆಗೆಂದು ಕೇಂದ್ರ ಕಚೇರಿಯಿಂದ ಡಾಕ್ಟರ್ ಪ್ರತಿಮಾ ಎಂಬ ಅಧಿಕಾರಿ ಬಂದರು. ತಪಾಸಣೆ ಇದೆಯೆಂದು ಎಲ್ಲ ರಾಶಿಯವರನ್ನೂ ಕೆಲಸಕ್ಕೆ ಕರೆಸಲಾಗಿತ್ತು. ಬಹಳ ದಿನದ ಮೇಲೆ ಹದಿನಾಲ್ಕು ಬೇಸಿನ್ನೂ ಕುದಿಯುತ್ತಿದ್ದವು, ಮೋರಿಗೆ ಹದಿನಾಲ್ಕು ಬೇಸಿನ್ನಿನ ನೀರೂ ಬರುತ್ತಿತ್ತು.

ಪ್ರತಿಮಾ ಮೇಡಂ ಕನ್ನಡಕ ಸರಿಮಾಡಿಕೊಂಡು ರಿಜಿಸ್ಟರ್ ತಿರುವಿದರು. "ಈ ಕೊನೆಯ ಕಾಲಂ ಏನು?"

"ಗ್ರಹಚಾರ ಮೇಡಂ. ಸುತ್ತೋಲೆಯ ನಾಲ್ಕನೇ ಖಂಡ. ಮುಂತಾದ."

"ಓಹೋ. ಇಲ್ಲಿ ಹತ್ತೊಂಬತ್ತು ಗ್ರಹಚಾರ ಇದೆ. ಅದರಲ್ಲಿ ಹದಿನೇಳು ಮೂರನೇ ಬೇಸಿನ್ ಪಕ್ಕದಲ್ಲೇ ಆಗಿದೆಯಲ್ಲ? ಶನಿ ಮಹಾತ್ಮ ಅಲ್ಲೇ ಮನೆ ಮಾಡಿದಾನಾ?"

"ಕಾಕತಾಳೀಯ ಮೇಡಂ."

"ಆ ಜಾಗ ತೋರಿಸಿ."

ಚನ್ನಬಸವಯ್ಯನವರು ಮೇಡಮ್ಮಿನ ಕಡೆಗೆ ಬೆನ್ನು ಮಾಡುವುದು ಮರ್ಯಾದೆಯಲ್ಲವೆಂದು ಹಿಂದುಹಿಂದಕ್ಕೆ ನಡೆಯುತ್ತ, ಎರಡೂ ಕೈ ಅಗಲಿಸಿ, "ಬನ್ನಿ ಮೇಡಂ, ನೋಡಿ, ನಮ್ಮ ಮನೆ ನಡುಮನೆ ಹೆಂಗೈತೋ ಹಂಗೆ ಇಟ್ಕೊಂಡಿದೀನಿ" ಎನ್ನುತ್ತಿದ್ದರು. ಇಟ್ಕೊಂಡಿದೀನಿ ಎನ್ನುವುದು ಗಾಳಿಯಲ್ಲಿ ಮುಗಿಯಿತು. ಅವರು ನೆಲಕ್ಕೆ ಬಂದಾಗ ಬಲಗಾಲಿನಿಂದ ಒಂದು ಸದ್ದು ಬಂತು. ಹದಿನಾಲ್ಕು ಹೆಂಗಸರೂ ಒಟ್ಟಿಗೆ "ಅಯ್ಯಯ್ಯೋ" ಎಂದರು.

ಮೊದಲು ಓಡಿ ಬಂದವಳು ಮುನಿಯಮ್ಮ. ತಲೆ ನೀರಿಗೆ ತಾಗದ ಹಾಗೆ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ದಾಸಪ್ಪ ಬೊಂಬೆ ಘಟಕದಲ್ಲಿದ್ದ ಸ್ಟ್ರೆಚರ್ ತರಲು ಓಡಿದ. ಪ್ರತಿಮಾ ಮೇಡಂ ಆಂಬುಲೆನ್ಸಿಗೆ ಫೋನು ಮಾಡಿ, ರಿಜಿಸ್ಟರ್ ಬಿಡಿಸಿ, ಪೆನ್ನು ತೆಗೆದರು.

"ಕಣ್ಣಾರೆ ನೋಡಿದವರು ನೀವು. ಕಾರಣ ಏನಂತ ಬರೀಲಿ?"

ಮುನಿಯಮ್ಮ ಮಡಿಲಲ್ಲಿದ್ದ ಮುಖವನ್ನು ನೋಡಿದಳು. "ಸಾ, ನೀವೇ ಯೋಳಿ. ಗ್ರಾಚಾರ ಅಂತ ಬರುಸ್ಲಾ, ಮೋರಿ ಅಂತ ಬರುಸ್ಲಾ?"

ಮೋರಿ ಎಂದರೆ ತೊಂಬತ್ತೆಂಟು ಹೋಯಿತು, ಶಾಲು ಹೋಯಿತು, ಮಾಗಡಿಯಲ್ಲಿ ಹೊಡೆದ ಮೊಳೆ ಬರಿದಾಗಿ ಉಳಿಯಿತು. ಚನ್ನಬಸವಯ್ಯನವರು ನೋವಿನಲ್ಲಿ ಹಲ್ಲು ಕಚ್ಚಿ, "ಗ್ರ... ಗ್ರಹಚಾರ" ಎಂದರು. "ನಂದು ವೃಶ್ಚಿಕ. ಆದ್ರೂ ಬರ್ಕೊಳಿ."

ಅಷ್ಟರಲ್ಲಿ "ಅಣ್ಣಾ! ಏನಾಯ್ತಣ್ಣಾ!" ಎನ್ನುತ್ತ ಶಿವಕಿರಣ ಸ್ಟ್ರೆಚರಿನ ಒಂದು ತುದಿ ಹಿಡಿದು ನುಗ್ಗಿದ. ಆತುರದಲ್ಲಿ ಸ್ಟ್ರೆಚರಿನ ಕೋಲು ಬಾಗಿಲ ಚೌಕಟ್ಟಿಗೆ ಬಡಿಯಿತು. ಮೇಲಿದ್ದ ಬೂದುಗುಂಬಳ ಒಮ್ಮೆ ಅಲುಗಾಡಿ, ಕಣ್ಣು ಮೀಸೆ ಸಮೇತ ಅವನ ತಲೆಯ ಮೇಲೆ ಇಳಿಯಿತು. ಶಿವಕಿರಣ ಹಣೆ ಹಿಡಿದುಕೊಂಡು ಬಾಗಿಲಲ್ಲೇ ಕೂತ. ಬೆರಳ ಸಂದಿಯಲ್ಲಿ ರಕ್ತ ಕಾಣಿಸಿತು.

ಆ ಗಳಿಗೆಯಲ್ಲಿ ಚನ್ನಬಸವಯ್ಯನವರ ಮುಖದ ಮೇಲೆ ಬಂದ ಕಳೆಯನ್ನು ಅವರ ಮದುವೆಯಲ್ಲೂ ಯಾರೂ ನೋಡಿರಲಿಲ್ಲ. ಷಡ್ಡಕನಿಗೆ ಪೆಟ್ಟಾಯಿತು! ಐನೂರ ನಲವತ್ತು ದಿನ ಕಾದದ್ದು ಸಾರ್ಥಕವಾಯಿತು! ಮುರಿದ ಕಾಲು ಮರೆತು ಅವರು ಮೊಣಕೈ ಊರಿ ಎದ್ದರು.

"ಮೇಡಂ! ಬರ್ಕೊಳಿ! ಅಪಘಾತ! ಅವ್ನ ಬೋರ್ಡು ಸೊನ್ನೆ ಮಾಡಿ!"

"ಪಾಪ, ಇದೂ ಗ್ರಹಚಾರವೇ ಇರಬಹುದಲ್ಲ?" ಎಂದರು ಪ್ರತಿಮಾ ಮೇಡಂ.

"ಸಾಧ್ಯವೇ ಇಲ್ಲ! ಕುಂಬಳಕಾಯಿ ತಾನಾಗೇ ಬೀಳುತ್ತಾ ಮೇಡಂ? ಎಲ್ಲಾದಕ್ಕೂ ಗ್ರಹಚಾರ ಅಂದ್ಬುಟ್ರೆ ಮೇಲ್ವಿಚಾರಕ ಅಂತ ಒಬ್ನು ಯಾಕೆ? ಅಲ್ಲಿ ಹಗ್ಗ ಹಳೇದಾಗಿತ್ತು. ಅವನು ದಿನಾ ಬಂದು ಕತ್ತೆತ್ತಿ ನೋಡ್ಬೇಕಿತ್ತು. ಕೆಲಸದೋರು ಹೇಳಿದ್ ಮಾತು ಕಿವಿ ಮೇಲೆ ಹಾಕ್ಕೊಬೇಕಿತ್ತು. ನೋಡಲಿಲ್ಲ, ಕೇಳಲಿಲ್ಲ! ಕೆಳಗಿನೋರಿಗೆ ಪೆಟ್ಟಾದ್ರೆ ಮೇಲಿನೋನೇ ಹೊಣೆಗಾರ. ಗ್ರಹದ ಮೇಲೆ ಹಾಕಿ ತಪ್ಪಿಸ್ಕೊಳ್ಳೋಕೆ ಬಿಡಬೇಡಿ!"

ಪ್ರತಿಮಾ ಮೇಡಂ ಒಂದಕ್ಷರವೂ ಬಿಡದೆ ಬರೆದುಕೊಂಡರು. "ಎರಡು ವರ್ಷದಲ್ಲಿ ಈ ಸುತ್ತೋಲೆಯನ್ನ ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ. ಅಂದ ಹಾಗೆ, ಕುಂಬಳಕಾಯಿ ಬಿದ್ದದ್ದು ಯಾವ ಘಟಕದಲ್ಲಿ?"

ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದಿದ್ದ ದಾಸಪ್ಪ ಬಾಯಿ ಬಿಟ್ಟ.

"ನಮ್ದೇ ಸಾ. ಅಮಾಸೆ ದಿನ ನೀವೇ ಏಣಿ ಹತ್ಸಿ ಕಟ್ಸಿದ್ದು. ಹಗ್ಗ ಹಳೇದು ಅಂತ ನಾನು ಯೋಳಿದ್ದೆ."

ಚನ್ನಬಸವಯ್ಯನವರು ನಿಧಾನವಾಗಿ ಮುನಿಯಮ್ಮನ ಮಡಿಲಿಗೆ ವಾಪಸಾದರು. ಅಲ್ಲಿಂದ, ಬಹಳ ಸಣ್ಣ ದನಿಯಲ್ಲಿ, "ನಂದು ಮೋರಿ ಅಂತಲೇ ಬರ್ಸಮ್ಮ" ಎಂದರು. ಅವರನ್ನು ಎತ್ತಿಕೊಂಡು ಹೋಗುವಾಗ ದಾಸಪ್ಪ ಹಲಗೆಯ ಮುಂದೆ ನಿಂತು, "ಎರಡು ಪೆಟ್ಟಾಗೈತಲ್ಲ ಸಾ, ಎರಡು ಸೊನ್ನೆ ಹಾಕ್ಲಾ?" ಎಂದು ಕೇಳಿದ.

ಕಾಲಿಗೆ ಮೊಣಕಾಲವರೆಗೂ ಪ್ಲಾಸ್ಟರ್ ಬಂತು. ನಾಲ್ಕನೆಯ ದಿನ ಸಂಜೆ ಮಾಗಡಿಯಿಂದ ಮಾವ ಗುರುಸಿದ್ದಪ್ಪ ಮೋಸಂಬಿ ಹಿಡಿದುಕೊಂಡು ಬಂದರು. ಮಂಚದ ಪಕ್ಕದಲ್ಲಿ ಕೂತವರೇ ಕಣ್ಣೊರೆಸಿಕೊಂಡರು. ತಮಗಾಗಿ ಮಾವ ಅಳುತ್ತಿದ್ದಾರೆಂದು ಚನ್ನಬಸವಯ್ಯನವರು ಅವರ ಬೆನ್ನು ಸವರಿದರು.

"ಏನ್ ಮನ್ಸ ಅಂತೀರಿ!" ಎಂದರು ಗುರುಸಿದ್ದಪ್ಪ. "ಪೆಟ್ಟಾಗಿದ್ದು ನಿಮ್ ಘಟಕದಲ್ಲಿ. ಅವ್ನ ಬೋರ್ಡು ಮುಟ್ಟಂಗಿಲ್ಲ ಅಂತ ಮೇಡಮ್ಮೇ ಯೋಳಿದ್ರಂತೆ. ಶಿವಕಿರಣ ಕೇಳ್ಲಿಲ್ವಂತೆ! ಎಲ್ಲಾರ್ಗೂ ತಲೆಗೆ ಗಟ್ಟಿ ಟೋಪಿ ಹಾಕ್ಕಳಿ ಅನ್ನೋನು ನಾನು, ನಾನೇ ಹಾಕ್ಕೊಳ್ದೆ ಓಡ್ದೆ, ತಪ್ಪು ನಂದು ಅಂತ ಅವತ್ತೇ ಐನೂರ ನಲವತ್ತು ಅಳಿಸಿ ಸೊನ್ನೆ ಹಾಕ್ಕೊಂಡ್ನಂತೆ. ನಿನ್ನೆ ಸಮಾರಂಭದಲ್ಲಿ ಶಾಲು ಇಲ್ಲ, ಏನಿಲ್ಲ. ಆದ್ರೆ ಕುಲಪತಿಗಳು ಮೈಕಿನಲ್ಲಿ ಅವ್ನ ಹೆಸರು ಯೋಳಿದ್ರಂತೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರಂತೆ!"

ಮಾವ ಹೋದ ಮೇಲೆ ಚನ್ನಬಸವಯ್ಯನವರು ಮೋಸಂಬಿ ಸುಲಿಯುತ್ತ ಹೆಂಡತಿಯನ್ನು ಕರೆದರು.

"ಮೀನಾ, ನಂದೂ ಸೊನ್ನೆ ಅಲ್ವೇನೇ?"

"ಹೂಂ ರೀ."

"ನನ್ ಸೊನ್ನೆಗೆ ಯಾಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ?"

ಮೀನಾಕ್ಷಮ್ಮ ದೀಪ ಹಚ್ಚಲು ಒಳಗೆ ಹೋದರು. ಅವರು ವಾಪಸು ಬರುವ ಹೊತ್ತಿಗೆ ಗಂಡ ಊರುಗೋಲು ಹುಡುಕುತ್ತಿದ್ದರು. ಅವರಿಗೆ ಒಂದು ಮಾತು ಹೊಳೆದಿತ್ತು. ಅವನದೂ ಸೊನ್ನೆ, ತಮ್ಮದೂ ಸೊನ್ನೆ. ಇಬ್ಬರ ಹಲಗೆಯೂ ಈಗ ಸರಿಸಮ! ನಾಳೆ ಬೆಳಿಗ್ಗೆ ಯಾರಾದರೂ ಮತ್ತೆ ಆ ಮೋರಿಯಲ್ಲಿ ಜಾರಿದರೆ ಷಡ್ಡಕ ಮುಂದೆ ಹೋಗಿಬಿಡುತ್ತಾನೆ.

ಮರುದಿನ ಎಂಟು ಗಂಟೆಗೆ ಆಟೋದಲ್ಲಿ ಬಂದಿಳಿದ ಚನ್ನಬಸವಯ್ಯನವರು ಮೂರನೇ ಬೇಸಿನ್ನಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಮೋರಿ ಬಿಡಿಸಿದರು. ಮೊದಲು ದಾಸಪ್ಪನಿಗೆ ಹೇಳಿಕೊಡುತ್ತಿದ್ದರು. ಆಮೇಲೆ ತಾಳ್ಮೆ ತಪ್ಪಿ ಕಬ್ಬಿಣದ ಸಲಾಕೆಯನ್ನು ತಾವೇ ಕಿತ್ತುಕೊಂಡರು. ಎರಡು ವರ್ಷದ ಹುಳು, ಚಿಂದಿ ಎರಡು ಗಂಟೆಯಲ್ಲಿ ಹೊರಗೆ ಬಂತು. ನೀರು ಗೊಳಗೊಳ ಎಂದು ಹರಿದು ಹೋಯಿತು. ಪಂಚಾಂಗ ಗೋಡೆಯಿಂದ ಇಳಿಯಿತು. ಅಷ್ಟಾದ ಮೇಲೆ ಅವರು ಮುನಿಯಮ್ಮನನ್ನು ಕರೆದು, "ನಿನ್ ಕಾಲು ತೋರಿಸು" ಎಂದರು. ಗಾಯ ಮಾಗಿ ಕರಿಯ ಕಲೆ ಉಳಿದಿತ್ತು. ಅದನ್ನು ನೋಡಿ, ತಮ್ಮ ಕಾಲು ನೋಡಿಕೊಂಡು, ರಿಜಿಸ್ಟರ್ ತರಿಸಿ ಗ್ರಹಚಾರದ ಕಾಲಂ ಹೊಡೆದು ಹಾಕಿ, ಅವಳಿಗೆ ಸಲ್ಲಬೇಕಾಗಿದ್ದ ಎರಡು ದಿನದ ಪೆಟ್ಟಿನ ರಜೆ ಬರೆದರು. ದಿನಾ ಬೆಳಿಗ್ಗೆ ಶಿವಕಿರಣ ತನ್ನವರನ್ನೆಲ್ಲ ನಿಲ್ಲಿಸಿ, ನಿನ್ನೆ ಯಾರು ಎಲ್ಲಿ ಎಡವಿದಿರಿ ಎಂದು ಕೇಳುತ್ತಾನೆಂದು ದಾಸಪ್ಪ ಬಾಯಿ ತಪ್ಪಿ ಹೇಳಿದ. ಅಂದಿನಿಂದ ಚನ್ನಬಸವಯ್ಯನವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳತೊಡಗಿದರು.

"ಸಾಬ್ಗೆ ಬುದ್ಧಿ ಬಂತಾ ಮುನಿಯಕ್ಕ?" ಎಂದು ಖತೀಜಾ ಪಿಸುಗುಟ್ಟಿದಳು.

"ಬುದ್ದಿ ಎಲ್ಲವ್ವ, ಹೊಟ್ಟೆಕಿಚ್ಚು" ಎಂದಳು ಮುನಿಯಮ್ಮ. "ಏನಾರ ಆಗ್ಲಿ, ನಮ್ ಕಾಲು ಉಳೀತಲ್ಲ."

ಹತ್ತು ದಿನ ಕಳೆದವು. ಎರಡೂ ಹಲಗೆಯ ಮೇಲೆ ಒಂದೇ ಸಂಖ್ಯೆ ಇತ್ತು. ಹೊಂಗೆ ಮರದ ಆಚೆಯಿಂದ ತಲೆಗೆ ಪಟ್ಟಿ ಕಟ್ಟಿಕೊಂಡ ಶಿವಕಿರಣ ಕೈ ಬೀಸಿದ. "ಅಣ್ಣಾ, ಕಾಫಿ ಆಯ್ತಾ? ಅಲ್ಲಿಗೇ ಬರ್ಲಾ?"

"ಬೇಡ ಬೇಡ, ಅಲ್ಲೇ ಇರು!" ಎಂದು ಚನ್ನಬಸವಯ್ಯನವರು ಕಿರುಚಿದರು. ತಮ್ಮ ಘಟಕದೊಳಗೆ ಬಂದು ಎಡವಿದರೆ ಗತಿಯೇನು? "ನಾನೇ ಬತ್ತೀನಿ."

ಹಾಗೆಂದ ಮೇಲೆ ಅವರು ಒಂದು ಗಳಿಗೆ ತಮ್ಮ ಊರುಗೋಲನ್ನು ನೋಡಿದರು, ಆಮೇಲೆ ಬೊಂಬೆ ಘಟಕದ ಮೂರು ಮೆಟ್ಟಿಲನ್ನು ನೋಡಿದರು. ಒಂಟಿ ಕಾಲಿನ ಮನುಷ್ಯ ಅಲ್ಲಿ ಜಾರಿದರೆ ಯಾರೂ ಅನುಮಾನ ಪಡುವಂತಿರಲಿಲ್ಲ. ಹೊರಗಿನವರಿರಲಿ, ಒಳಗಿನವರಿರಲಿ ಎಂದು ಸುತ್ತೋಲೆಯಲ್ಲೇ ಇದೆ. ಕುಂಟುತ್ತ ಹತ್ತಿರ ಹೋಗಿ ನೋಡುತ್ತಾರೆ, ಮೆಟ್ಟಿಲ ಪಕ್ಕಕ್ಕೆ ಹೊಸದಾಗಿ ಕಬ್ಬಿಣದ ಕೈಕಂಬಿ!

"ನೀವು ಊರುಗೋಲಲ್ಲಿ ಬರ್ತೀರಲ್ಲ ಅಂತ ನೆನ್ನೆ ಹಾಕ್ಸಿದೆ ಅಣ್ಣಾ" ಎಂದು ಶಿವಕಿರಣ ಹಲ್ಲು ಬಿಟ್ಟ.

ಚನ್ನಬಸವಯ್ಯನವರು ಆ ಕಂಬಿಯನ್ನು ಭದ್ರವಾಗಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ಷಡ್ಡಕನ ಕಾಫಿ ಕುಡಿದು ಬಂದರು. ಹತ್ತುವಾಗ ಗೇಣು ಹಾಕಿ ಕಂಬಿಯ ಉದ್ದ ಅಳೆದುಕೊಂಡಿದ್ದರು. ಆ ವಾರವೇ ರೇಷ್ಮೆ ಘಟಕದ ಮೆಟ್ಟಿಲಿಗೂ ಕೈಕಂಬಿ ಬಂತು. ಅದು ಶಿವಕಿರಣನದಕ್ಕಿಂತ ಅರ್ಧ ಅಡಿ ಉದ್ದವಾಗಿತ್ತು.